ಮನೆಯಲ್ಲೇ ಬೆಳೆದ ಎರಡು ಹೆಣ್ಣು ನಾಯಿಗಳು ಈಗ ಕಚ್ಚಾಡುತ್ತಿವೆ, ಯಾರಿಗಾದರೂ ಅನುಭವ ಇದೆಯಾ?

ನಿಟ್ಟುವಳ್ಳಿಯವಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದಿ. ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ, ಎರಡೂ ಹೆಣ್ಣು. ದೊಡ್ಡವಳು ರಾಣಿ, ಅಪ್ಪಟ ನಾಟಿ, ಆರು ವರ್ಷ. ಚಿಕ್ಕವಳು ಸೋನಿ, ಲ್ಯಾಬ್ರಡಾರ್ ಮಿಕ್ಸ್, ಎರಡು ವರ್ಷ ತುಂಬಿದೆ. ಸೋನಿ ಪುಟ್ಟ ಮರಿ ಇದ್ದಾಗ ಬಂದಳು. ರಾಣಿಯೇ ಅವಳನ್ನು ನೆಕ್ಕಿ, ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದಳು ಅಂದರೂ ತಪ್ಪಿಲ್ಲ. ಹೋದ ವರ್ಷದವರೆಗೂ ಇಬ್ಬರೂ ಒಂದೇ ಗೋಣಿಚೀಲದ ಮೇಲೆ ಮಲಗುತ್ತಿದ್ದರು.

ಈಗಲೂ ಇಡೀ ದಿನ ಜಗಳ ಅಂತೇನಿಲ್ಲ, ಅದೇ ನನಗೆ ಅರ್ಥ ಆಗದ ವಿಷಯ. ಬೆಳಗ್ಗೆಯೆಲ್ಲ ಸುಮ್ನೆ ಇರುತ್ತಾರೆ, ಅಂಗಳದಲ್ಲಿ ಅಕ್ಕಪಕ್ಕ ಬಿದ್ದುಕೊಂಡಿರುತ್ತಾರೆ. ಸಂಜೆ ಯಜಮಾನರ ಬೈಕ್ ಸದ್ದು ಬೀದಿ ತಿರುವಿನಲ್ಲಿ ಕೇಳಿದ್ದೇ ತಡ, ಇಬ್ಬರೂ ಗೇಟಿಗೆ ಓಡುತ್ತಾರೆ, ಮೈಗೆ ಮೈ ತಾಗುತ್ತದೆ, ನೋಡನೋಡುತ್ತಿದ್ದಂತೆ ಒಬ್ಬಳ ಕುತ್ತಿಗೆ ಇನ್ನೊಬ್ಬಳ ಬಾಯಲ್ಲಿ ಇರುತ್ತದೆ. ಇನ್ನೊಂದು ಜಾಗ ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ಸಂದಿ. ಒಬ್ಬರು ನಡೆಯುವಷ್ಟೇ ಅಗಲ. ಒಳಗೆ ಮಂಡಕ್ಕಿ ಕವರ್ ಬಿಚ್ಚಿದ ಸದ್ದಾದರೆ ಸಾಕು, ಇಬ್ಬರೂ ಒಟ್ಟಿಗೆ ಆ ಸಂದಿಗೆ ನುಗ್ಗುತ್ತಾರೆ.

ಶುರುವಾಗಿದ್ದು ದುಗ್ಗಮ್ಮನ ಜಾತ್ರೆ ಹೊತ್ತಿಗೆ. ಮನೆ ತುಂಬ ನೆಂಟರು, ಬಾಡೂಟ, ಯಾವುದೋ ಮಗು ಹಿತ್ತಲಿಗೆ ಮೂಳೆ ಎಸೆಯಿತು. ಅವತ್ತು ಸೋನಿಯ ಕಿವಿ ಹರಿಯಿತು. ಆಮೇಲೆ ನಿಂತೇ ಇಲ್ಲ. ಈಚೆಗೆ ಬಿಡಿಸಲು ಹೋಗಿ ಕುತ್ತಿಗೆ ಪಟ್ಟಿ ಹಿಡಿದ ಯಜಮಾನರ ಕೈಗೇ ರಾಣಿಯ ಹಲ್ಲು ಇಳಿಯಿತು. ಅವಳು ಜನ್ಮದಲ್ಲಿ ಮನುಷ್ಯರನ್ನು ಕಚ್ಚಿದವಳಲ್ಲ.

ಮಾವ ಕೋಲು ತಗೊಂಡು ನಾಲ್ಕು ಬಿಗಿಯಿರಿ ಅನ್ನುತ್ತಾರೆ. ಪಕ್ಕದ ಮನೆಯವರು, ನಾಯಿ ಅಲ್ವಾ, ಅವೇ ತೀರ್ಮಾನ ಮಾಡಿಕೊಳ್ಳುತ್ತವೆ, ಬಿಟ್ಟುಬಿಡಿ ಅನ್ನುತ್ತಾರೆ. ಬಿಟ್ಟರೆ ಒಬ್ಬಳು ಸಾಯುತ್ತಾಳೆ ಅಂತ ನನಗೆ ಭಯ. ಮಗ ನಾಲ್ಕನೇ ಕ್ಲಾಸು, ಜಗಳ ಶುರುವಾದರೆ ಅಳುತ್ತಾ ಮಧ್ಯಕ್ಕೆ ಓಡಿ ಬರುತ್ತಾನೆ. ಇವರಿಬ್ಬರೂ ಒಂದೇ ಮನೆಯಲ್ಲಿ ಬದುಕಲು ಆಗುತ್ತದಾ? ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದರೆ ಕಮ್ಮಿ ಆಗುತ್ತದಾ? ಇಬ್ಬರಲ್ಲಿ ಯಾರನ್ನೂ ಕಳಿಸಲು ಮನಸ್ಸಿಲ್ಲ. ಗೊತ್ತಿರುವವರು ಹೇಳಿ.

ಕುರಿಹಟ್ಟಿ, ಚಳ್ಳಕೆರೆ

ಅಕ್ಕಾ, ಮೊದಲು ಜಗಳ ಬಿಡಿಸುವುದು ಹೇಗೆ ಅಂತ ಹೇಳುತ್ತೇನೆ, ಯಾಕಂದ್ರೆ ಅದು ಇವತ್ತು ಸಂಜೆಯೇ ಬೇಕಾಗಬಹುದು.

ಕುತ್ತಿಗೆ ಪಟ್ಟಿಗೆ ಕೈ ಹಾಕಲೇಬೇಡಿ. ಆ ಹೊತ್ತಲ್ಲಿ ನಾಯಿಗೆ ಹಿಂದಿನಿಂದ ಹಿಡಿದವರು ಯಾರು ಅಂತ ಗೊತ್ತಾಗುವುದಿಲ್ಲ, ತಿರುಗಿ ಹಲ್ಲು ಹಾಕುತ್ತದೆ ಅಷ್ಟೇ. ನಿಮ್ಮ ರಾಣಿ ಯಜಮಾನರನ್ನು ಕಚ್ಚಿದ್ದು ಹಾಗೇ, ಅವಳ ಮೇಲೆ ಮನಸ್ಸು ಕೆಡಿಸಿಕೊಳ್ಳಬೇಡಿ. ಗೇಟಿನ ಹತ್ತಿರ ನಲ್ಲಿ ಇದ್ದರೆ ಪೈಪ್ ಸಿಕ್ಕಿಸಿಯೇ ಇಟ್ಟಿರಿ, ಮುಖಕ್ಕೆ ನೀರು ಬಿಡಿ. ಸ್ಟೀಲ್ ತಟ್ಟೆ ಎರಡು ತಗೊಂಡು ಜೋರಾಗಿ ಬಡಿಯಿರಿ, ಕೆಲವು ನಾಯಿ ಅಷ್ಟಕ್ಕೇ ಬಿಡುತ್ತವೆ. ಇಲ್ಲದಿದ್ದರೆ ಪ್ಲೈವುಡ್ ತುಂಡೋ, ಪ್ಲಾಸ್ಟಿಕ್ ಕುರ್ಚಿಯೋ ನಡುವೆ ತೂರಿಸಿ. ನಮ್ಮ ಕಡೆ ದಪ್ಪ ಕಂಬಳಿ ಎಸೆಯುತ್ತಾರೆ. ಎರಡರ ತಲೆ ಮೇಲೂ ಕಂಬಳಿ ಬಿದ್ದರೆ ಕಣ್ಣಿಗೆ ಕತ್ತಲಾಗಿ ಒಂದು ಗಳಿಗೆ ಹಿಡಿತ ಸಡಿಲ ಮಾಡುತ್ತವೆ. ಆ ಗಳಿಗೆಯಲ್ಲಿ ಎಳೆಯಬೇಕು.

ದೊಡ್ಡವರು ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಹಿಂಗಾಲು ತೊಡೆಯ ಹತ್ತಿರ ಹಿಡಿದು ಮೇಲೆತ್ತಿ, ಹಿಂದಕ್ಕೆ ನಡೆಯಿರಿ. ನಿಲ್ಲಬೇಡಿ, ನಿಂತರೆ ತಿರುಗಿ ಕಚ್ಚುತ್ತದೆ. ಸ್ವಲ್ಪ ವಾಲಿಸಿಕೊಂಡು ಹಿಂದಕ್ಕೆ ಹೋಗುತ್ತಲೇ ಬೇರೆ ಬೇರೆ ಬಾಗಿಲೊಳಗೆ ಹಾಕಿ ಚಿಲಕ ಹಾಕಿಬಿಡಿ. ಆದರೆ ಒಂದು ಕಚ್ಚಿ ಹಿಡಿದುಕೊಂಡೇ ಇದ್ದರೆ ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಬಾಯಿ ಬಿಡುವವರೆಗೂ ಕಾಯಬೇಕು.

ಕೋಲಿನ ಮಾತು ಮಾತ್ರ ಕೇಳಬೇಡಿ. ಏಟು ಬಿದ್ದ ನಾಯಿ ಆ ನೋವು ಎದುರಿನ ನಾಯಿಯಿಂದಲೇ ಬಂತು ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಮಗನಿಗೆ ಒಂದೇ ಕೆಲಸ ಕಲಿಸಿ. ಜಗಳ ಕಂಡ ತಕ್ಷಣ ನಡುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಅಲ್ಲಿಂದಲೇ ಕೂಗುವುದು.

ನಮ್ಮ ತಾತ ಹಟ್ಟಿಯಲ್ಲಿ ಒಟ್ಟಿಗೆ ನಾಲ್ಕೈದು ನಾಯಿ ಸಾಕುತ್ತಿದ್ದರು. ಮುದ್ದೆ ಹಾಕುವಾಗ ಒಂದೊಂದನ್ನು ಒಂದೊಂದು ಮೂಲೆಗೆ ಕಟ್ಟಿ, ತಿಂದು ಮುಗಿಯುವವರೆಗೂ ತಾವೇ ನಡುವೆ ನಿಂತಿರುತ್ತಿದ್ದರು. ತಟ್ಟೆ ಎತ್ತಿಟ್ಟು, ನೆಲ ನೋಡಿ, ಆಮೇಲೆ ಬಿಚ್ಚುತ್ತಿದ್ದರು. ಒಂದು ಅಗುಳು ಬಿದ್ದಿದ್ದರೂ ಅದಕ್ಕೇ ಜಗಳ ಹತ್ತುತ್ತದೆ. ಮೂಳೆ ಅಂತೂ ಮನೆಯೊಳಗೆ ಬೇಡವೇ ಬೇಡ.

ಡಿವಿಜಿ ಬಾಯ್

ಎಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಮೇಡಂ. ಮಗು ಇರುವ ಮನೆ, ನಾಳೆ ಮಗುವಿಗೇನಾದರೂ ಆದರೆ ಏನು ಮಾಡುತ್ತೀರಿ? ಚಿಕ್ಕದನ್ನು ಕಾರಲ್ಲಿ ಹಾಕಿಕೊಂಡು ಆನಗೋಡು ಕಡೆ ಹೈವೇ ಪಕ್ಕ ಯಾವುದಾದರೂ ಡಾಬಾ ಹತ್ತಿರ ಬಿಟ್ಟು ಬನ್ನಿ. ಅಲ್ಲಿ ಊಟಕ್ಕೆ ಕೊರತೆ ಇರುವುದಿಲ್ಲ, ಹೇಗೋ ಬದುಕಿಕೊಳ್ಳುತ್ತದೆ. ನಿಮ್ಮ ಮಗನ ಕಾಳಜಿಯಿಂದ ಹೇಳುತ್ತಿದ್ದೇನೆ.

ಪಶುವೈದ್ಯ, ಹರಿಹರ

ಮೇಲಿನವರೇ, ಮಗುವಿನ ಬಗ್ಗೆ ನಿಮ್ಮ ಕಾಳಜಿ ಸರಿ, ದಾರಿ ಸರಿ ಇಲ್ಲ. ಮನೆಯಲ್ಲಿ ಬೆಳೆದ ನಾಯಿ ಹೈವೇಯಲ್ಲಿ ಬದುಕಿಕೊಳ್ಳುವುದಿಲ್ಲ, ಲಾರಿ ಕೆಳಗೆ ಹೋಗುತ್ತದೆ, ಇಲ್ಲ ಅಲ್ಲಿನ ಬೀದಿನಾಯಿಗಳು ಹರಿದುಹಾಕುತ್ತವೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ನೂಕಿ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ನಿಟ್ಟುವಳ್ಳಿಯವರೇ, ಮೊದಲು ನಿಮ್ಮ ಯಜಮಾನರ ಕೈ ವಿಷಯ. ಕಚ್ಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು, ಅದೂ ತಕ್ಷಣ. ನಮ್ಮನೆ ನಾಯಿಯೇ ಅಲ್ವಾ ಅಂತ ಬಿಟ್ಟಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ರೇಬೀಸ್ ಲಸಿಕೆಯನ್ನು ಚರ್ಮಕ್ಕೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ ಹಾಕುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ, ನಿಮಗೆ ಚಿಗಟೇರಿ ಆಸ್ಪತ್ರೆ ಹತ್ತಿರವೇ ಇದೆ. ಧನುರ್ವಾಯು ಇಂಜೆಕ್ಷನ್ (ಟಿಟಿ) ಬಗ್ಗೆಯೂ ಕೇಳಿ. ನಾಯಿಗಳ ಲಸಿಕೆ ಕಾರ್ಡ್ ಜೊತೆಗೆ ಒಯ್ಯಿರಿ.

ಈಗ ನಾಯಿಗಳು. ಎರಡು ವರ್ಷ ಅನ್ನುವುದು ಇಲ್ಲಿ ಮುಖ್ಯ. ನಾಯಿ ಒಂದರಿಂದ ಮೂರು ವರ್ಷದೊಳಗೆ ಮನಸ್ಸಿನಲ್ಲೂ ದೊಡ್ಡದಾಗುತ್ತದೆ, ಮರಿ ಅಂತ ಇದ್ದ ಸಲಿಗೆ ಆಗ ಮುಗಿಯುತ್ತದೆ. ಒಂದೇ ಮನೆಯ ಎರಡು ಹೆಣ್ಣು ನಾಯಿಗಳ ನಡುವಿನ ಜಗಳ ಗಂಡು ಹೆಣ್ಣಿನ ಜೋಡಿಗಿಂತ ಜಾಸ್ತಿ ಕಾಣುತ್ತದೆ, ಜಾಸ್ತಿ ಗಾಯವನ್ನೂ ಮಾಡುತ್ತದೆ. ಇದು ನಿಮ್ಮ ಮನೆಯೊಂದರ ಕತೆಯಲ್ಲ.

ರಾಣಿಯನ್ನು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ. ಆರು ವರ್ಷದ ನಾಯಿ ಇದ್ದಕ್ಕಿದ್ದಂತೆ ಸಿಡುಕು ಆಯಿತು ಅಂದರೆ ನಾನು ಮೊದಲು ನೋವು ಹುಡುಕುತ್ತೇನೆ. ಸೊಂಟ, ಹಲ್ಲು, ಕಿವಿಯೊಳಗಿನ ಸೋಂಕು, ಉಣ್ಣೆ ಹುಳದಿಂದ ಬರುವ ಜ್ವರ, ಥೈರಾಯ್ಡ್. ಸೊಂಟ ನೋಯುವ ನಾಯಿಯನ್ನು ಗೇಟಿನ ಹತ್ತಿರ ಭಾರದ ಚಿಕ್ಕ ನಾಯಿ ಬಂದು ಗುದ್ದಿದರೆ ಅದು ಸುಮ್ನೆ ಇರುವುದಿಲ್ಲ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ, ಐಬುಪ್ರೊಫೇನ್ ತರಹದವು ನಾಯಿಗೆ ವಿಷ.

ಆಪರೇಷನ್ ಬಗ್ಗೆ ಕೇಳಿದ್ದೀರಿ. ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆಯ ಹೊತ್ತಲ್ಲಿ, ಇಲ್ಲವೇ ಅದಾದ ಒಂದೆರಡು ತಿಂಗಳಿಗೆ ಸುಳ್ಳು ಬಸಿರು ಕಾಣಿಸಿಕೊಂಡು ಹಾಸಿಗೆ, ಬೊಂಬೆ ಕಾಯುತ್ತಾ ಕೂತಾಗ ಜಗಳ ಹೆಚ್ಚಾಗುತ್ತಿದ್ದರೆ ಆಪರೇಷನ್ ಖಂಡಿತ ಸಹಾಯ ಮಾಡುತ್ತದೆ. ಬೆದೆಗೂ ಜಗಳಕ್ಕೂ ಸಂಬಂಧ ಕಾಣದಿದ್ದರೆ ಬರೀ ಆಪರೇಷನ್‌ನಿಂದ ಜಗಳ ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಗರ್ಭಕೋಶದ ಕೀವು ಬರದಂತೆ ತಡೆಯಲು ಹೇಗೂ ಒಳ್ಳೆಯದು. ಬೆದೆ ಮುಗಿದು ಎರಡು ಮೂರು ತಿಂಗಳು ಬಿಟ್ಟು ಮಾಡಿಸಿ.

ಇನ್ನೊಂದು. ಕಚ್ಚಿದ ಗಾಯ ಮೇಲೆ ನೋಡಲು ಚಿಕ್ಕ ತೂತು, ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿರುತ್ತದೆ. ಅರಿಶಿನ ಮೆತ್ತಿ ಮುಚ್ಚಿದರೆ ಎರಡು ಮೂರು ದಿನಕ್ಕೆ ಒಳಗೇ ಕೀವು ಕಟ್ಟುತ್ತದೆ. ಕುತ್ತಿಗೆ, ಎದೆ, ಹೊಟ್ಟೆಯ ಗಾಯ ಆದರೆ ಅದೇ ದಿನ ತೋರಿಸಿ.

ನಿಟ್ಟುವಳ್ಳಿಯವಳು, ದಾವಣಗೆರೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಯಜಮಾನರು ಅವತ್ತೇ ಆಸ್ಪತ್ರೆಗೆ ಹೋಗಿದ್ದರು ಸರ್, ಇಂಜೆಕ್ಷನ್ ನಡೆಯುತ್ತಿದೆ. ನೀವು ಹೇಳಿದ ಮೇಲೆ ಕ್ಯಾಲೆಂಡರ್ ನೋಡಿದೆ. ಸೋನಿ ಬೆದೆಗೆ ಬಂದಿದ್ದು ಜಾತ್ರೆಗೆ ಸ್ವಲ್ಪ ಮುಂಚೆ. ರಾಣಿಗೆ ಆಪರೇಷನ್ ಆಗಿದೆ, ಸೋನಿಗೆ ಆಗಿಲ್ಲ. ರಾಣಿ ಈಚೆಗೆ ಮೆಟ್ಟಿಲು ಹತ್ತುವಾಗ ನಿಧಾನ, ಒಂದು ಕಾಲು ಸ್ವಲ್ಪ ಎತ್ತಿ ಇಡುತ್ತಾಳೆ. ವಯಸ್ಸಾಯಿತು ಅಂದುಕೊಂಡಿದ್ದೆವು, ತೋರಿಸುತ್ತೇವೆ.

ಅತ್ತೆ ಹೇಳುವುದು ಏನೆಂದರೆ ಇಬ್ಬರನ್ನೂ ಹೊರಗೆ ಸರಪಳಿ ಹಾಕಿ ಕಟ್ಟಿಬಿಡಿ, ಒಬ್ಬಳು ಮುಂದೆ ಒಬ್ಬಳು ಹಿತ್ತಲಲ್ಲಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಹೇಗೆ ಕಟ್ಟಲಿ? ಜಗಳ ಶುರುವಾಗುವ ಮುಂಚೆಯೇ ಗೊತ್ತಾಗುವ ಹಾಗೆ ಏನಾದರೂ ಇದೆಯಾ? ನಮಗೆ ಎಲ್ಲ ಏಕ್ದಂ ಆಗಿಬಿಡುತ್ತದೆ ಅನ್ನಿಸುತ್ತದೆ.

ದುರ್ಗದ ಗಾಳಿ, ಚಿತ್ರದುರ್ಗ

ಏಕ್ದಂ ಆಗುವುದಿಲ್ಲ ಮೇಡಂ. ನಮ್ಮ ಮನೆಯಲ್ಲೂ ಎರಡು ಹೆಣ್ಣು, ಒಂದು ಮುಧೋಳ, ಒಂದು ನಾಟಿ. ಈ ಸಮಸ್ಯೆಯ ಜೊತೆಯಲ್ಲೇ ವರ್ಷಗಟ್ಟಲೆ ಬದುಕುತ್ತಿದ್ದೇವೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಬೊಗಳುವುದು, ಗುರ್ ಅನ್ನುವುದು ಕೊನೆಗೆ ಬರುತ್ತದೆ. ಅದಕ್ಕಿಂತ ಮೊದಲು ಮೈ ಮಾತಾಡುತ್ತದೆ. ನಮ್ಮ ಮುಧೋಳದವಳು ನೆಲದ ಮೇಲೆ ಮಲಗಿರುತ್ತಾಳೆ, ಬಾಯಿ ತೆರೆದು ಏದುತ್ತಿರುತ್ತಾಳೆ. ಇನ್ನೊಬ್ಬಳು ಬಾಗಿಲಲ್ಲಿ ಬಂದು ನಿಂತಳು ಅಂದ್ರೆ ಇವಳ ಬಾಯಿ ಟಪ್ ಅಂತ ಮುಚ್ಚುತ್ತದೆ. ಏದುವುದು ನಿಲ್ಲುತ್ತದೆ. ತಲೆ ತಿರುಗಿಸುವುದಿಲ್ಲ, ಕಣ್ಣು ಮಾತ್ರ ಹೊರಳಿಸಿ ನೋಡುತ್ತಾಳೆ, ಕಣ್ಣಿನ ಬಿಳಿ ಒಂದು ಕಡೆ ಕಾಣುತ್ತದೆ. ಬಾಲ ಅಲ್ಲಾಡುತ್ತಿದ್ದರೂ ಬುಡ ಗಟ್ಟಿಯಾಗಿ, ತುದಿ ಮಾತ್ರ ಸಣ್ಣಗೆ ನಡುಗುತ್ತಿರುತ್ತದೆ. ಬಾಲ ಅಲ್ಲಾಡಿಸುತ್ತಿದೆ, ಖುಷಿಯಲ್ಲಿದೆ ಅಂತ ನೆಂಟರು ಅಂದುಕೊಳ್ಳುವುದು ಇದನ್ನೇ ನೋಡಿ. ಇನ್ನೊಂದು, ಒಬ್ಬಳು ಹೋಗಿ ಇನ್ನೊಬ್ಬಳ ಹೆಗಲ ಮೇಲೆ ಗದ್ದ ಇಡುತ್ತಾಳೆ, ಇಬ್ಬರೂ ಕಲ್ಲಿನ ಹಾಗೆ ನಿಂತುಬಿಡುತ್ತಾರೆ. ಆ ನಿಲ್ಲುವಿಕೆ ಎರಡು ಮೂರು ಸೆಕೆಂಡು ಇರುತ್ತದೆ. ನಿಮಗೆ ಸಿಗುವ ಸಮಯ ಅಷ್ಟೇ. ಆಗ ಕಿರುಚಬೇಡಿ, ಹೆಸರು ಹಿಡಿದು ಬೈಯಬೇಡಿ. ಖುಷಿಯ ದನಿಯಲ್ಲಿ ಒಬ್ಬಳನ್ನು ಕರೆದು ಬೇರೆ ಕೋಣೆಗೆ ನಡೆಯಿರಿ. ನಾವು ಕೈಯಲ್ಲಿ ಫ್ರಿಜ್ ಬಾಗಿಲು ಹಿಡಿದು "ಬಾ ಬಾ" ಅನ್ನುತ್ತೇವೆ, ಅದಕ್ಕೆ ಯಾವಾಗಲೂ ಬರುತ್ತಾಳೆ. ದಯವಿಟ್ಟು ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಗುರ್ ಅನ್ನುವುದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತಾಳೆ.

ನೀವು ಬರೆದಿದ್ದನ್ನು ನೀವೇ ಇನ್ನೊಮ್ಮೆ ಓದಿ. ಗೇಟು, ಸಂದಿ, ತಿಂಡಿ, ಬೈಕ್ ಸದ್ದು. ಈ ನಾಲ್ಕೇ. ಉಳಿದ ದಿನವೆಲ್ಲ ಅವರಿಗೆ ಒಬ್ಬರ ಮೇಲೊಬ್ಬರಿಗೆ ದ್ವೇಷ ಇಲ್ಲ. ಹಾಗಾಗಿ ಜಗಳ ಬಿಡಿಸುವುದಕ್ಕಿಂತ ಆ ನಾಲ್ಕು ಹೊತ್ತಲ್ಲಿ ಇಬ್ಬರೂ ಒಂದು ಕಡೆ ಇಲ್ಲದ ಹಾಗೆ ಮಾಡುವುದು ಸುಲಭ. ಯಜಮಾನರು ಬೀದಿ ತಿರುವಿಗೆ ಬರುವ ಮುಂಚೆ ಫೋನ್ ಮಾಡಲಿ, ಒಬ್ಬಳನ್ನು ರೂಮಿಗೆ ಹಾಕಿ. ಅವರು ಒಳಗೆ ಬಂದು ಕೂತು, ಚಪ್ಪಲಿ ಬಿಟ್ಟು, ಮನೆ ತಣ್ಣಗಾದ ಮೇಲೆ ಇನ್ನೊಬ್ಬಳನ್ನು ಮಾತಾಡಿಸಲಿ. ಆ ಸಂದಿಗೆ ಬಾಗಿಲು ಇಡಿಸಿ. ಊಟ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ.

ಆದರೆ ಇಷ್ಟು ಗಾಯ ಆಗಿರುವುದರಿಂದ ಮೊದಲು ಕೆಲವು ವಾರ ಪೂರ್ತಿ ಬೇರೆ ಇಡಿ. ನಾವು ಪಾಳಿ ಅನ್ನುತ್ತೇವೆ. ಒಬ್ಬಳು ನಡುಮನೆಯಲ್ಲಿ ನಮ್ಮ ಜೊತೆ ಇದ್ದರೆ ಇನ್ನೊಬ್ಬಳು ಹಿಂದಿನ ಕೋಣೆಯಲ್ಲಿ ಫ್ಯಾನ್ ಕೆಳಗೆ. ಮಧ್ಯಾಹ್ನ ಅದಲು ಬದಲು. ಸರಪಳಿ ಬೇಡ, ಅತ್ತೆಯವರಿಗೆ ಸಮಾಧಾನದಿಂದ ಹೇಳಿ. ಕಟ್ಟಿದ ನಾಯಿಗೆ ಓಡಿಹೋಗಲು ದಾರಿ ಇಲ್ಲ ಅಂತ ಗೊತ್ತಿರುತ್ತದೆ, ಸಿಟ್ಟು ಜಾಸ್ತಿ ಆಗುತ್ತದೆ. ದಿನವಿಡೀ ಕಟ್ಟಿಹಾಕಿ ಓಡಾಡಿಸದೆ ಇಡುವುದೂ ಮೇಲೆ ಸರ್ ಹೇಳಿದ ಕಾಯ್ದೆಯಲ್ಲೇ ತಪ್ಪು.

ವೈದ್ಯರು ರಾಣಿಯ ಕಾಲು ನೋಡಿ ಓಡಾಡಬಹುದು ಅಂದ ಮೇಲೆ ಜೊತೆಗೆ ನಡೆಸುವುದು ಶುರು ಮಾಡಿ. ಇಬ್ಬರು ದೊಡ್ಡವರು, ಎರಡು ಹಗ್ಗ, ಒಂದೇ ದಿಕ್ಕಿಗೆ, ನಡುವೆ ಒಂದು ರಸ್ತೆಯಷ್ಟು ಅಂತರ. ಕುಂದುವಾಡ ಕೆರೆ ಏರಿ ಬೇಡ, ಬೆಳಗ್ಗೆ ಅಲ್ಲಿ ಜನ ಜಾಸ್ತಿ, ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ಹೊಸ ಲೇಔಟ್‌ಗಳ ಖಾಲಿ ರಸ್ತೆ ಒಳ್ಳೆಯದು. ಒಬ್ಬಳು ಇನ್ನೊಬ್ಬಳನ್ನು ನೋಡಿ ಮುಖ ತಿರುಗಿಸಿದರೆ ಒಂದು ಚೂರು ತಿಂಡಿ ಕೊಡಿ. ಅಂತರ ಕಮ್ಮಿ ಮಾಡುವುದು ನಿಧಾನವಾಗಿ, ಅವಸರ ಬೇಡ. ಬಾಯಿಕುಕ್ಕೆ ಅಭ್ಯಾಸ ಮಾಡಿಸಿ. ಎತ್ತಿಗೆ ಹಾಕುವಂಥದ್ದಲ್ಲ, ನಾಯಿಗೆ ಅಂತಲೇ ಬರುವ ಬುಟ್ಟಿ ಆಕಾರದ್ದು, ಹಾಕಿಕೊಂಡೇ ಏದಬಹುದು, ನೀರು ಕುಡಿಯಬಹುದು. ಬಟ್ಟೆಯಿಂದ ಬಾಯಿ ಬಿಗಿಯುವುದು ಬೇಡ, ನಮ್ಮ ಸೆಕೆಗೆ ಉಸಿರು ಕಟ್ಟುತ್ತದೆ.

ಒಂದು ನಿಜ ಹೇಳಬೇಕು. ನಮ್ಮ ಇಬ್ಬರು ಮತ್ತೆ ಗೆಳತಿಯರಾಗಲಿಲ್ಲ. ಹೊರಗೆ ಹಗ್ಗದಲ್ಲಿ ಜೊತೆಗೆ ನಡೆಯುತ್ತಾರೆ, ಜೋಗಿಮಟ್ಟಿ ರಸ್ತೆಯಲ್ಲಿ ಗಾಳಿಗೆ ಮೂಗು ಎತ್ತಿಕೊಂಡು ಎಷ್ಟು ಚೆನ್ನಾಗಿ ಹೋಗುತ್ತಾರೆ ಅಂದ್ರೆ ನೋಡಿದವರು ನಂಬುವುದಿಲ್ಲ. ಮನೆಯೊಳಗೆ ಮಾತ್ರ ಇವತ್ತಿಗೂ ಪಾಳಿ. ಇಬ್ಬರೂ ಹೊಟ್ಟೆ ತುಂಬ ತಿನ್ನುತ್ತಾರೆ, ನಿದ್ದೆ ಮಾಡುತ್ತಾರೆ, ಗಾಯ ಇಲ್ಲ. ಅದನ್ನು ಸೋಲು ಅಂತ ನಾನು ಒಪ್ಪುವುದಿಲ್ಲ.

ಅಡಿಕೆ ತೋಟ, ಚನ್ನಗಿರಿ

ದುರ್ಗದವರ ಮಾತು ಒಪ್ಪುತ್ತೇನೆ, ಆದರೆ ಎಲ್ಲರ ಮನೆಯಲ್ಲೂ ಪಾಳಿ ನಡೆಯುವುದಿಲ್ಲ. ಬಾಗಿಲು ಹಾಕಲು ಮರೆಯುವ ವಯಸ್ಸಾದವರು, ಓಡಾಡುವ ಮಕ್ಕಳು ಇದ್ದರೆ ಒಂದು ಸಲ ಚಿಲಕ ತಪ್ಪಿದರೂ ಸಾಕು. ನಮ್ಮ ತಂಗಿ ಮನೆಯ ಚಿಕ್ಕ ನಾಯಿ ಈಗ ನಮ್ಮ ತೋಟದಲ್ಲಿದೆ. ಗುರುತಿನವರ ಮನೆಗೆ, ಅಲ್ಲಿ ಬೇರೆ ಹೆಣ್ಣು ನಾಯಿ ಇಲ್ಲ ಅಂತ ನೋಡಿಕೊಂಡು, ಜಗಳದ ವಿಷಯ ಮುಚ್ಚಿಡದೆ ಹೇಳಿ, ಆಪರೇಷನ್ ಲಸಿಕೆ ಎಲ್ಲ ಮಾಡಿಸಿ ಕೊಟ್ಟರು. ಅವಳು ಇಲ್ಲಿ ತೋಟದ ಮನೆ ಜಗುಲಿ ಬಿಟ್ಟು ಕದಲುವುದಿಲ್ಲ, ಅಷ್ಟು ಹೊಂದಿಕೊಂಡಿದ್ದಾಳೆ. ಮನಸ್ಸಿಲ್ಲ ಅಂತ ಹೇಳಿದ್ದೀರಿ, ಒತ್ತಾಯ ಇಲ್ಲ. ಆದರೆ ಆ ದಿನ ಬಂದರೆ ಅದು ಹೈವೇಯಲ್ಲಿ ಬಿಟ್ಟ ಹಾಗಲ್ಲ ಅಂತ ತಿಳಿದಿರಲಿ.

ನಿಟ್ಟುವಳ್ಳಿಯವಳು, ದಾವಣಗೆರೆ

ಎಲ್ಲರ ಮಾತನ್ನೂ ಯಜಮಾನರಿಗೆ, ಅತ್ತೆ ಮಾವನಿಗೆ ಓದಿ ಹೇಳಿದೆ. ಕೋಲು ಮೂಲೆಗೆ ಹೋಯಿತು. ಸೋಮವಾರ ರಾಣಿಯನ್ನು ಡಾಕ್ಟರಿಗೆ ತೋರಿಸುತ್ತೇವೆ, ಸೋನಿಯ ಆಪರೇಷನ್ ದಿನಾಂಕವನ್ನೂ ಕೇಳಿಕೊಂಡು ಬರುತ್ತೇವೆ. ಅಲ್ಲಿಯವರೆಗೂ ಪಾಳಿ. ಸಂದಿಗೆ ಬಾಗಿಲು ಮಾಡಿಸಲು ವೆಲ್ಡಿಂಗ್‌ನವರು ನಾಳೆ ಅಳತೆ ತಗೊಳ್ಳಲು ಬರುತ್ತಾರೆ. ಹೇಗೆ ಮಾಡಿಸಲಿ, ದುರ್ಗದವರೇ?

ದುರ್ಗದ ಗಾಳಿ, ಚಿತ್ರದುರ್ಗ

ಎತ್ತರ ಎದೆಮಟ್ಟ ಸಾಲದು ಮೇಡಂ, ಲ್ಯಾಬ್ ಮಿಕ್ಸ್ ಜಿಗಿಯುತ್ತಾಳೆ, ತಲೆಮಟ್ಟ ಇರಲಿ. ಸರಳುಗಳ ನಡುವೆ ಮೂತಿ ತೂರಬಾರದು. ಕೆಳಗಿನ ಅರ್ಧಕ್ಕೆ ತಗಡು ಹೊಡೆಸಿ, ಒಬ್ಬರಿಗೊಬ್ಬರು ಕಾಣದೆ ಇದ್ದರೆ ಬಾಗಿಲಿನ ಎರಡೂ ಕಡೆ ನಿಂತು ಗುರಾಯಿಸುವುದು ತಪ್ಪುತ್ತದೆ. ಚಿಲಕ ಎರಡೂ ಕಡೆಯಿಂದ ತೆಗೆಯುವ ಹಾಗೆ, ಮಗನ ಕೈಗೆ ಎಟುಕದಷ್ಟು ಮೇಲೆ ಇರಲಿ. ಬಾಗಿಲು ತಾನಾಗೇ ಮುಚ್ಚಿಕೊಳ್ಳುವ ಹಾಗೆ ಸ್ಪ್ರಿಂಗ್ ಹಾಕಿಸಿ. ಹಿತ್ತಲ ಕಡೆಗೆ ತೆರೆಯಲಿ, ಅಡುಗೆಮನೆ ಕಡೆಗೆ ಬೇಡ, ಕೈಯಲ್ಲಿ ಪಾತ್ರೆ ಇದ್ದಾಗ ನೂಕಿಕೊಂಡು ಹೋಗಬಹುದು.